ನಿಮಗಿದು ಗೊತ್ತೇ? ಹಸಿರು ಕರೆಂಟಿಗೆ ಬೆಲೆ ತೆತ್ತವರು ಯಾರು?

ಬಿಸಿಲು, ಗಾಳಿ, ನೀರಿನಿಂದ ತೆಗೆಯುವ ವಿದ್ಯುತ್ತು ನಮಗೆ ಬೇಕೇ ಬೇಕು. ಆದರೆ ಅದಕ್ಕಾಗಿ ತೆತ್ತ ಬೆಲೆಯೆಲ್ಲ ಮನೆಗೆ ಬರುವ ಬಿಲ್ಲಿನಲ್ಲಿ ಕಾಣುವುದಿಲ್ಲ. ಆ ಲೆಕ್ಕದ ಕೆಲವು ಬಾಬ್ತುಗಳು ಇಲ್ಲಿವೆ.

● ತುಮಕೂರು ಜಿಲ್ಲೆಯ ಪಾವಗಡ ಸೋಲಾರ್ ಪಾರ್ಕ್ ಹರಡಿರುವುದು ಸುಮಾರು 13,000 ಎಕರೆಯಲ್ಲಿ. ಸಾಮರ್ಥ್ಯ 2,050 ಮೆಗಾವ್ಯಾಟ್. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಜಮೀನನ್ನು ಇಲ್ಲಿ ಕೊಂಡುಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಕೆ.

● ಬರದ ಸೀಮೆಯಲ್ಲಿ ಪಹಣಿ ಇದ್ದವರಿಗೆ ಅದು ಖಚಿತ ವರಮಾನ. ಅದೇ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಕೂಲಿ ಪಡೆಯುತ್ತಿದ್ದ ಭೂರಹಿತರಿಗೂ ಕುರಿಗಾಹಿಗಳಿಗೂ ಈ ಬಾಡಿಗೆಯಲ್ಲಿ ಪಾಲಿಲ್ಲ.

● 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ನಾಡಿಗೆ ಬೆಳಕು ಬಂತು; ಶರಾವತಿ ಕಣಿವೆಯ ಊರು, ಗದ್ದೆ, ತೋಟಗಳು ಮುಳುಗಿದವು. ಆ ಮುಳುಗಡೆ ಸಂತ್ರಸ್ತರಲ್ಲಿ ಹಲವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿದ್ದಾರೆ.

● ಹಿನ್ನೀರಿನಾಚೆ ಉಳಿದ ತುಮರಿ ಸುತ್ತಲಿನ ಜನ ಸಾಗರ ಪೇಟೆಗೆ ಬರಲು, ಆಸ್ಪತ್ರೆಗೆ ಹೋಗಲು ದಶಕಗಳ ಕಾಲ ಲಾಂಚ್‌ಗಾಗಿ ದಡದಲ್ಲಿ ಕಾದರು. ಸಿಗಂದೂರು ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ!

● ಈಗ ಅದೇ ಕಣಿವೆಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ) ಯೋಜನೆಯ ಪ್ರಸ್ತಾವವಿದೆ. ಜಾಗ ಸಿಂಗಳೀಕಗಳ ಅಭಯಾರಣ್ಯ. ಇಂಥ ಘಟಕಗಳು ಇಳಿಯುವ ನೀರಿನಿಂದ ಕೊಡುವ ವಿದ್ಯುತ್ತಿಗಿಂತ ಅದನ್ನು ಮೇಲೆತ್ತಲು ನುಂಗುವ ವಿದ್ಯುತ್ತೇ ಹೆಚ್ಚು.

● ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳ್ಕೇವಾಡಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಧ್ಯಯನ ನಡೆಸಿದರು. ಗಾಳಿಯಂತ್ರಗಳಿರುವ ಕಡೆ ಬೇಟೆ ಹಕ್ಕಿಗಳು ಬಹಳ ಕಡಿಮೆ, ಅವುಗಳ ಆಹಾರವಾದ ಓತಿಕ್ಯಾತಗಳು ಹೆಚ್ಚು. 2018ರಲ್ಲಿ ಈ ವರದಿ ಪ್ರಕಟವಾಯಿತು.

● ಎರೆಭೂತ ಎಂಬ ದೊಡ್ಡ ಹಕ್ಕಿಗೆ ನೇರ ಮುಂದಿರುವುದು ಸರಿಯಾಗಿ ಕಾಣದು; ಮೈಭಾರದಿಂದ ತಟ್ಟನೆ ತಿರುಗಲೂ ಆಗದು. ಹಾಗಾಗಿ ವಿದ್ಯುತ್ ತಂತಿಯೇ ಅದಕ್ಕೆ ಮೃತ್ಯು. ಭಾರತೀಯ ವನ್ಯಜೀವಿ ಸಂಸ್ಥೆಯ ಅಂದಾಜಿನಂತೆ, ಥಾರ್ ಮರುಭೂಮಿಯ 4,200 ಚದರ ಕಿ.ಮೀ. ಪ್ರದೇಶದಲ್ಲೇ ತಂತಿಗಳಿಂದ ವರ್ಷಕ್ಕೆ ಸುಮಾರು 84,000 ಹಕ್ಕಿಗಳು ಸಾಯುತ್ತವೆ.

● 2020ರ ಡಿಸೆಂಬರ್‌ನಲ್ಲಿ ಗುಜರಾತಿನ ಹರಾಜಿನಲ್ಲಿ ಸೌರ ವಿದ್ಯುತ್ತಿನ ದರ ಯೂನಿಟ್ಟಿಗೆ 1 ರೂಪಾಯಿ 99 ಪೈಸೆಗೆ ಇಳಿಯಿತು. ಆದರೆ ಮನೆಮನೆಯಲ್ಲಿ ದೀಪ ಹೊತ್ತುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಕೂಡಿಡುವ ಬ್ಯಾಟರಿ, ದೂರ ಸಾಗಿಸುವ ತಂತಿಯ ಖರ್ಚು ಬೇರೆ.

● ಹಲವು ಬಗೆಯ ಲಿಥಿಯಂ ಬ್ಯಾಟರಿಗಳಿಗೆ ಕೋಬಾಲ್ಟ್ ಬೇಕು. ಜಗತ್ತಿನ ಬಹುಪಾಲು ಕೋಬಾಲ್ಟ್ ಬರುವುದು ಕಾಂಗೋದಿಂದ. ಅಲ್ಲಿ ಕೈಯಿಂದ ಅಗೆಯುವ ಗಣಿಗಳಲ್ಲಿ ಮಕ್ಕಳೂ ದುಡಿಯುತ್ತಾರೆ.

● ಸೋಲಾರ್ ಪ್ಯಾನೆಲ್‌ಗಳ ಆಯಸ್ಸು 25–30 ವರ್ಷ. 2050ರ ವೇಳೆಗೆ ಜಗತ್ತಿನಲ್ಲಿ ಒಟ್ಟು 7.8 ಕೋಟಿ ಟನ್‌ವರೆಗೆ ಪ್ಯಾನೆಲ್ ಕಸ ಸೇರಬಹುದೆಂದು 2016ರಲ್ಲಿ ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆ ಅಂದಾಜಿಸಿತು. ಭಾರತದ 2022ರ ಇ-ತ್ಯಾಜ್ಯ ನಿಯಮಗಳಡಿ ಈಗ ಪ್ಯಾನೆಲ್‌ಗಳೂ ಬಂದಿವೆ.

● 1975ರ ಆಗಸ್ಟ್‌ನಲ್ಲಿ ಚೀನಾದ ಬಾನ್‌ಚಿಯಾವ್ ಅಣೆಕಟ್ಟು ಒಡೆದು ಹತ್ತಾರು ಸಾವಿರ ಜನ ಸತ್ತರು. ಆ ದುರಂತವನ್ನು ಸೇರಿಸಿದರೂ, 100 ಕೋಟಿ ಯೂನಿಟ್ ಉತ್ಪಾದನೆಗೆ ಜಲವಿದ್ಯುತ್ತಿನ ಸಾವು ಸುಮಾರು 1.3. ಕಲ್ಲಿದ್ದಲಿನದು ಸುಮಾರು 24.6, ಅದರಲ್ಲಿ ಬಹುಪಾಲು ಹೊಗೆಯಿಂದ. ಗಾಳಿ, ಬಿಸಿಲಿನದು 0.05ಕ್ಕೂ ಕಡಿಮೆ.

ಆದ್ದರಿಂದ ಕಲ್ಲಿದ್ದಲಿಗೆ ಮರಳುವುದು ಉತ್ತರವಲ್ಲ. ಹಸಿರು ವಿದ್ಯುತ್ತಿನ ಭಾರವನ್ನು ಬಡವರ, ಕಾಡಿನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ತಾರಸಿ ಸೋಲಾರಿಗೆ ಯಾರ ಹೊಲವೂ ಬೇಡ, ಕಾಡೂ ಬೇಡ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಮೊದಲು ನಿಮ್ಮ ತಾರಸಿ ನೋಡಿ. ಊರಿಗೆ ದೊಡ್ಡ ಯೋಜನೆ ಬಂದರೆ, ಪಹಣಿ ಇಲ್ಲದವರಿಗೇನು ಪಾಲು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.