ಬೆಂಕಿಪೊಟ್ಟಣಗಳು ಆಟ ಕಲಿತ ಬಗೆ

ಕಚೇರಿಯಲ್ಲಾಗಲಿ, ಲೋಕಲ್ ಗಾಡಿಯಲ್ಲಾಗಲಿ, ಈಗ ‘ಎ.ಐ.’ ಎಂಬ ಮಾತು ಕಿವಿಗೆ ಬೀಳದೆ ದಿನ ಕಳೆಯುವುದಿಲ್ಲ. ಯಂತ್ರವು ತಾನಾಗಿಯೇ ಕಲಿಯುತ್ತದಂತೆ, ಪತ್ರ ಬರೆಯುತ್ತದಂತೆ, ನಾಳೆ ನಮ್ಮ ಕಿರ್ದಿ-ಖಾತೆಗಳನ್ನೂ ಅದೇ ನೋಡಿಕೊಳ್ಳುತ್ತದಂತೆ! ಗುಮಾಸ್ತಿಕೆಯಿಂದ ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಇದು ಬರಿಯ ಹರಟೆಯ ವಿಷಯವಲ್ಲ. ಆದರೆ ಯಂತ್ರ ‘ಕಲಿಯುವುದು’ ಎಂದರೇನು ಎಂದು ಕೇಳಿದರೆ ಬಿಡಿಸಿ ಹೇಳುವವರು ಕಡಮೆ. ಅದನ್ನು ಅರಿಯಲು ಖಾಲಿ ಬೆಂಕಿಪೊಟ್ಟಣಗಳೂ ಬಣ್ಣದ ಮಣಿಗಳೂ ಸಾಕು ಎಂದರೆ ವಾಚಕರು ನಕ್ಕಾರು. ಆದರೂ ಇದು ನಡೆದ ಸಂಗತಿ.

ಡೊನಾಲ್ಡ್ ಮಿಕಿ ಎಂಬ ಬ್ರಿಟಿಷ್ ವಿಜ್ಞಾನಿ ಹುಟ್ಟಿದ್ದು 1923ರಲ್ಲಿ, ಬರ್ಮಾದ ರಂಗೂನಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಗುಪ್ತಲಿಪಿಗಳನ್ನು ಒಡೆಯುವ ಕೆಲಸ ಮಾಡಿದವರು. ಯಂತ್ರವೂ ಅನುಭವದಿಂದ ಕಲಿಯಬಲ್ಲದೆಂದು ತೋರಿಸಬೇಕೆಂಬ ಹಂಬಲ ಅವರಿಗಿತ್ತು. ಆದರೆ ಬೇಕೆಂದಾಗ ಕೈಗೆ ಸಿಗುವ ಗಣಕಯಂತ್ರವಿರಲಿಲ್ಲ. ಆದ್ದರಿಂದ 1961ರಲ್ಲಿ 304 ಬೆಂಕಿಪೊಟ್ಟಣಗಳನ್ನು ಜೋಡಿಸಿ ಒಂದು ‘ಯಂತ್ರ’ ಮಾಡಿದರು. ಅದಕ್ಕೆ ‘ಮೆನೇಸ್’ ಎಂದು ಹೆಸರು.

ಅದು ಆಡಿದ ಆಟ ನಮಗೆಲ್ಲ ಗೊತ್ತಿರುವುದೇ. ಒಂಬತ್ತು ಮನೆಗಳ ಚೌಕ. ಒಬ್ಬರದು ಸೊನ್ನೆ, ಇನ್ನೊಬ್ಬರದು ಗುಣಾಕಾರದ ಗುರುತು. ಮೂರನ್ನು ಒಂದೇ ಸಾಲಿಗೆ ತಂದವರು ಗೆದ್ದರು. ಮರಾಠಿ ಮಿತ್ರರು ಇದನ್ನೇ ಫುಲ್ಲಿ-ಗೋಳಾ ಎನ್ನುತ್ತಾರೆ. ಮೊದಲ ಆಟ ಯಾವಾಗಲೂ ಪೊಟ್ಟಣಗಳದು. ಅವುಗಳ ಸರದಿ ಬಂದಾಗ ಚೌಕ ಯಾವ ಯಾವ ಸ್ಥಿತಿಯಲ್ಲಿರಬಹುದೋ ಅದಕ್ಕೊಂದೊಂದು ಪೊಟ್ಟಣ. ಮೇಲೆ ಆ ಸ್ಥಿತಿಯ ಚಿತ್ರ. ತಿರುಗಿಸಿದರೆ, ಕನ್ನಡಿಯಲ್ಲಿ ನೋಡಿದರೆ ಒಂದೇ ಆಗುವ ಸ್ಥಿತಿಗಳನ್ನು ಒಟ್ಟುಗೂಡಿಸಿದಾಗ 304 ಉಳಿದವು. ಒಳಗೆ ಬಣ್ಣಬಣ್ಣದ ಮಣಿಗಳು, ಒಂದೊಂದು ಬಣ್ಣ ಒಂದೊಂದು ಮನೆಗೆ.

ಆಟ ನಡೆಯುವುದು ಹೀಗೆ. ಈಗಿನ ಸ್ಥಿತಿಯ ಚಿತ್ರವಿರುವ ಪೊಟ್ಟಣವನ್ನು ಹುಡುಕಿ, ಕುಲುಕಿ, ಓರೆ ಮಾಡುವುದು. ಮುಂದಿನ ಮೂಲೆಗೆ ಉರುಳಿ ಬಂದ ಮಣಿ ಯಾವ ಬಣ್ಣದ್ದೋ ಆ ಮನೆಯಲ್ಲಿ ಗುರುತು ಹಾಕುವುದು. ಆಟ ಮುಗಿದ ಮೇಲೆ ಲೆಕ್ಕ ಚುಕ್ತಾ. ಪೊಟ್ಟಣಗಳು ಸೋತರೆ, ಆ ಆಟದಲ್ಲಿ ಉರುಳಿದ ಮಣಿಗಳನ್ನು ತೆಗೆದುಬಿಡುವುದು. ಗೆದ್ದರೆ ಅವನ್ನು ಮರಳಿ ಹಾಕಿ, ಅದೇ ಬಣ್ಣದ ಇನ್ನೂ ಮೂರು ಮೂರು ಸೇರಿಸುವುದು, ಸರಿಸಮವಾದರೆ ಒಂದೊಂದು. ಮೊದಲ ಆಟದ ಪೊಟ್ಟಣದಲ್ಲಿ ಪ್ರತಿ ಬಣ್ಣದ ನಾಲ್ಕು ಮಣಿ, ಆಮೇಲಿನವುಗಳಲ್ಲಿ ಮೂರು, ಎರಡು, ಕೊನೆಯವಕ್ಕೆ ಒಂದೇ. ಇದರಲ್ಲೊಂದು ಜಾಣತನವಿದೆ: ಸೋಲಿಗೆ ಕೊನೆಯ ತಪ್ಪೇ ಹೆಚ್ಚು ಹೊಣೆಯಾದುದರಿಂದ ಆ ದಾರಿ ಒಂದೇ ಪೆಟ್ಟಿಗೆ ಮುಚ್ಚಿಹೋಗುತ್ತದೆ.

ಮಿಕಿಯವರು ತಾವೇ ಎದುರು ಕುಳಿತು 220 ಆಟ ಆಡಿದರು. ಮೊದಮೊದಲು ಪೊಟ್ಟಣಗಳು ಮಗುವಿನಂತೆ ಸೋತವು. ಬರಬರುತ್ತ ಅವುಗಳನ್ನು ಸೋಲಿಸುವುದೇ ಕಷ್ಟವಾಯಿತು.

ಕಲಿತದ್ದು ಯಾರು? 304 ಪೊಟ್ಟಣಗಳನ್ನೂ ಬಿಚ್ಚಿ ನೋಡಿದರೆ ಸಿಗುವುದು ಮಣಿಗಳ ಲೆಕ್ಕ ಮಾತ್ರ. ಗೆಲವೆಂದರೇನೆಂದು ಯಾವ ಪೊಟ್ಟಣಕ್ಕೂ ಗೊತ್ತಿಲ್ಲ. ಗೊತ್ತಿದ್ದುದು ಮಣಿ ಹಾಕುವವರಿಗೆ. ಅವರು ಮನಸ್ಸು ಮಾಡಿ ಸೋತಾಗಲೆಲ್ಲ ಮೂರು ಮಣಿ ಹಾಕಿದ್ದರೆ, ಅದೇ ಪೊಟ್ಟಣಗಳು ಅಷ್ಟೇ ಶ್ರದ್ಧೆಯಿಂದ ಸೋಲುವುದನ್ನು ಕಲಿಯುತ್ತಿದ್ದವು!

ಇಂದಿನ ದೊಡ್ಡ ಯಂತ್ರಗಳಲ್ಲಿ ಮಣಿಗಳ ಬದಲು ಕೋಟ್ಯಂತರ ಸಂಖ್ಯೆಗಳಿವೆ. ಅವನ್ನು ಏರಿಸಿ ಇಳಿಸುವ ಗಣಿತವೂ ಬಹಳ ಜಟಿಲ. ಆದರೂ ಫಲ ನೋಡಿ ಅಂಕಿ ತಿದ್ದುವ ಆ ಹಳೆಯ ಉಪಾಯ ಬಿಟ್ಟುಹೋಗಿಲ್ಲ. 2016ರಲ್ಲಿ ಸಿಯೋಲ್ ನಗರದಲ್ಲಿ ‘ಗೋ’ ಆಟದ ಮಹಾಪಟು ಲೀ ಸೆಡೋಲರನ್ನು 4–1ರಿಂದ ಸೋಲಿಸಿದ ಆಲ್ಫಾಗೋ ತನ್ನೊಡನೆ ತಾನೇ ಆಡಿ ಆಡಿ ಹೀಗೆ ಪಳಗಿತ್ತು. 2022ರಲ್ಲಿ ಬಂದ ಚಾಟ್‌ಜಿಪಿಟಿ ಮೊದಲು ರಾಶಿರಾಶಿ ಬರಹಗಳಿಂದ ಒಂದು ಮಾತಿನ ಮುಂದೆ ಯಾವ ಮಾತು ಬಂದೀತೆಂದು ಕಲಿತದ್ದು. ಆಮೇಲೆ ಅದರ ಉತ್ತರಗಳಲ್ಲಿ ಯಾವುದು ಲೇಸೆಂದು ಜನರು ಹೇಳಿದಂತೆ ಅದನ್ನು ತಿದ್ದಲಾಯಿತು. ಅಂತರ್ಜಾಲದಲ್ಲಿ ಇಂಗ್ಲಿಷಿನೆದುರು ಕನ್ನಡದ ಬರಹ ಅತ್ಯಲ್ಪ. ಮಣಿಗಳೇ ಕಡಮೆಯಿದ್ದ ಮೇಲೆ ಯಂತ್ರದ ಕನ್ನಡ ಎಡವಿದರೆ ಆಶ್ಚರ್ಯವೇನು?

ಕೆಲಸ ಹುಡುಕುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಉದ್ಯೋಗದ ಅರ್ಜಿಗಳನ್ನು ಆರಿಸಲು ಅಮೆಝಾನ್ ಕಂಪನಿ ಒಂದು ಯಂತ್ರಕ್ಕೆ ತನ್ನ ಹತ್ತು ವರ್ಷಗಳ ಹಳೆಯ ಅರ್ಜಿಗಳನ್ನು ತೋರಿಸಿ ಕಲಿಸಿತ್ತು. ಅವುಗಳಲ್ಲಿ ಬಹುಪಾಲು ಗಂಡಸರವು. ಯಂತ್ರ ಕಲಿತದ್ದೂ ಅದನ್ನೇ. ಹೆಂಗಸರ ಅರ್ಜಿಗಳನ್ನು ಕೆಳಕ್ಕೆ ತಳ್ಳತೊಡಗಿತು. ಕಂಪನಿ ಅದನ್ನು ಕೈಬಿಟ್ಟಿತೆಂಬ ಸುದ್ದಿ 2018ರಲ್ಲಿ ಹೊರಬಿತ್ತು. ‘ಯಂತ್ರ ಹೇಳಿತು, ನಾವೇನು ಮಾಡೋಣ’ ಎನ್ನುವ ಅಧಿಕಾರಿ ಸಿಕ್ಕರೆ, ಮಣಿ ಹಾಕಿದವರು ಯಾರೆಂದು ನಾವು ಕೇಳಬೇಕಾದದ್ದು ಇದಕ್ಕಾಗಿಯೇ.

304 ಪೊಟ್ಟಣ ಕೂಡಿಸುವುದು ಕಷ್ಟ. ಅಮೆರಿಕದ ಮಾರ್ಟಿನ್ ಗಾರ್ಡ್ನರ್ 1962ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ 24 ಪೊಟ್ಟಣಗಳಿಗೇ ಸಾಲುವ ಒಂದು ಸಣ್ಣ ಆಟವನ್ನು ಕೊಟ್ಟರು. ಒಂಬತ್ತು ಮನೆ, ಆಚೆಗೆ ಮೂರು ಕಾಯಿ, ಈಚೆಗೆ ಮೂರು. ಚದುರಂಗದ ಪದಾತಿಯಂತೆ ಒಂದು ಮನೆ ನೇರ ನಡೆ, ಓರೆಯಾಗಿ ಹೊಡೆತ. ಎದುರು ದಡ ಮುಟ್ಟಿದರೆ, ಎದುರಾಳಿಯ ಕಾಯಿಗಳನ್ನೆಲ್ಲ ಹೊಡೆದರೆ, ಇಲ್ಲವೆ ಅವನಿಗೆ ನಡೆಯೇ ಇಲ್ಲದಂತೆ ಮಾಡಿದರೆ ಗೆಲವು. ಇಲ್ಲಿ ಪೊಟ್ಟಣಗಳದು ಎರಡನೆಯ ಆಟ. ಸೋತಾಗ ಅವುಗಳ ಕೊನೆಯ ನಡೆಯ ಮಣಿಯನ್ನು ತೆಗೆದರಾಯಿತು. ಪೂರ್ತಿ ಪಳಗಿದ ಮೇಲೆ ಅವುಗಳನ್ನು ಯಾರೂ ಸೋಲಿಸಲಾರರು.

ಇದನ್ನು ನಮ್ಮ ವಾಚನಾಲಯದಲ್ಲೇ ಮಾಡಿ ನೋಡುವ ವಿಚಾರವಿದೆ. ಖಾಲಿ ಬೆಂಕಿಪೊಟ್ಟಣಗಳನ್ನು ಎಸೆಯದೆ ತಂದು ದಿನಪತ್ರಿಕೆಗಳ ಮೇಜಿನ ಕೆಳಗಿರುವ ಡಬ್ಬಿಯಲ್ಲಿ ಹಾಕಬೇಕಾಗಿ ವಿನಂತಿ. ಮಣಿಗಳನ್ನು ನಾವು ಒದಗಿಸುತ್ತೇವೆ.