ಮನೆಯ ಸಂಗೀತಗಣಕಕ್ಕೆ ಸೌಂಡ್ ಸರ್ವರಿನ ಆಯ್ಕೆ

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ (1892–1944) ಪುಟ್ಟರಾಜ ಗವಾಯಿಗಳೂ (1914–2010) ಬೆಳೆಸಿದ ಗಾಯನಪರಂಪರೆ ಸುಪ್ರಸಿದ್ಧವಾದುದು. ಸಮೀಪದ ಕುರ್ತಕೋಟಿಯಂಥ ಗ್ರಾಮದಲ್ಲಿ ವೃದ್ಧ ಗಾಯಕರೊಬ್ಬರ ಹಾಡಿಕೆಯನ್ನು ಮನೆಯ ಲಿನಕ್ಸ್ ಗಣಕದಲ್ಲಿ ಮುದ್ರಿಸುವುದೆಂದರೆ ಇತಿಹಾಸದ ಆಕರವೊಂದನ್ನು ಉಳಿಸಿದಂತೆ. ಅದಕ್ಕೆ ತಕ್ಕ ಸೌಂಡ್ ಸರ್ವರ್ ಯಾವುದೆಂಬುದು ಇಲ್ಲಿಯ ವಿಚಾರ.

ಲಿನಕ್ಸಿನಲ್ಲಿ ಧ್ವನಿಯಂತ್ರವನ್ನು ನಡೆಸುವುದು ಆಲ್ಸಾ. ಅದಕ್ಕೂ ತಂತ್ರಾಂಶಗಳಿಗೂ ನಡುವೆ ನಿಂತು ಧ್ವನಿಯನ್ನು ಹಂಚುವುದು ಸರ್ವರ್. 2004ರ ಪಲ್ಸ್‌ಆಡಿಯೊ ದಿನಬಳಕೆಗಾಗಿ ಹುಟ್ಟಿದ್ದು. ಪಾಲ್ ಡೇವಿಸರ ಜ್ಯಾಕ್ ಸಂಗೀತಗಾರರಿಗಾಗಿ. 2023ರಲ್ಲಿ 1.0 ಆವೃತ್ತಿಯನ್ನು ಕಂಡ ವಿಮ್ ಟೇಮನ್ಸರ ಪೈಪ್‌ವೈರ್ ಇವೆರಡಕ್ಕಾಗಿ ಬರೆದ ತಂತ್ರಾಂಶಗಳನ್ನೂ ನಡೆಸುತ್ತದೆ.

ಆದರೆ ಹೆಸರಿಗಿಂತ ಮುಖ್ಯವಾದುದು ಬಫರಿನ ಗಾತ್ರ. ಸೆಕೆಂಡಿಗೆ 48,000 ಮಾದರಿಗಳಂತೆ ಮುದ್ರಿಸುವಾಗ 128 ಮಾದರಿಗಳ ಬಫರು ಸುಮಾರು 2.7 ಮಿಲಿಸೆಕೆಂಡಿನದು; 1,024ರದು ಸುಮಾರು 21. ಮೊದಲೇ ಮುದ್ರಿಸಿದ ತಬಲಾವನ್ನು ಕೇಳುತ್ತ, ತನ್ನ ದನಿಯನ್ನೂ ಗಣಕದ ಮೂಲಕವೇ ಆಲಿಸುತ್ತ ಹಾಡುವವನಿಗೆ ಹೆಚ್ಚಿನ ತಡವು ಲಯಕ್ಕೆ ತೊಡಕು. ಅಲ್ಲಿ ಚಿಕ್ಕ ಬಫರು ಬೇಕು. ಎದುರಿಗೆ ಕುಳಿತು ಹಾಡುವವರನ್ನು ಕೇವಲ ಮುದ್ರಿಸುವಾಗ ಈ ತಡದಿಂದ ಬಾಧೆಯಿಲ್ಲ. ಚಿಕ್ಕ ಬಫರನ್ನು ಗಣಕವು ಸಕಾಲಕ್ಕೆ ನಿಭಾಯಿಸಲಾರದೆ ಹೋದರೆ ಸ್ವರವು ನಡುವೆ ತುಂಡಾಗುತ್ತದೆ. ಆ ತುಂಡು ಮರಳಿ ದೊರೆಯದು.

ಆದುದರಿಂದ ಹೊಸದಾಗಿ ತೊಡಗುವವರು ಪೈಪ್‌ವೈರನ್ನು ಆರಿಸುವುದು ಯುಕ್ತ. ಜ್ಯಾಕಿನಲ್ಲಿ ಕೆಲಸ ಸುಗಮವಾಗಿ ಸಾಗಿದ್ದರೆ ಬದಲಾಯಿಸುವ ಅಗತ್ಯವಿಲ್ಲ. ಡೇವಿಸರದೇ ಆದ ಆರ್ಡರ್ ಎಂಬ ಮುದ್ರಣ ತಂತ್ರಾಂಶವೊಂದನ್ನೇ ಬಳಸುವವರಿಗೆ ಸರ್ವರೇ ಬೇಡ. ಅದು ಆಲ್ಸಾವನ್ನು ನೇರವಾಗಿ ಬಳಸಬಲ್ಲುದು. ಯಾವುದನ್ನೇ ಆರಿಸಲಿ, ಹಿರಿಯರ ಹಾಡಿಕೆಗೆ ದೊಡ್ಡ ಬಫರನ್ನಿಟ್ಟು, ಅವರು ಬರುವ ಮೊದಲೇ ಅರ್ಧ ಗಂಟೆಯ ಪರೀಕ್ಷಾಮುದ್ರಣ ಮಾಡಿ ನೋಡತಕ್ಕದ್ದು.