ಗಾಳಿಮಳೆಯಲ್ಲಿ ಗುಂಪು ಶಿಬಿರ: ಹಿಂತಿರುಗುವ ನಿರ್ಧಾರ ಯಾವಾಗ, ಯಾರದು?

ಮುಂಗಾರಿನ ತಿಂಗಳುಗಳಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಶುಕ್ರವಾರ ರಾತ್ರಿ ಹೊರಟು, ಚಿಕ್ಕಮಗಳೂರು, ಕೊಡಗು, ಸಕಲೇಶಪುರ, ಕುದುರೆಮುಖದ ಸುತ್ತಮುತ್ತ ಎರಡು ದಿನ ಕಳೆದು, ಭಾನುವಾರ ರಾತ್ರಿ ಮರಳುವ ಗುಂಪುಗಳು ಇಂದು ಮಲೆನಾಡಿನ ರಸ್ತೆಗಳಲ್ಲಿ ಸಾಮಾನ್ಯ ನೋಟವಾಗಿವೆ. ಒಂದೇ ಕಚೇರಿಯ ಉದ್ಯೋಗಿಗಳು, ಕಾಲೇಜಿನ ಗೆಳೆಯರು, ಚಾರಣ ಸಂಸ್ಥೆಯ ಮೂಲಕ ಅಂದೇ ಪರಿಚಯವಾದವರು, ಸ್ಕೌಟ್ಸ್ ಮತ್ತು ಗೈಡ್ಸ್ ದಳದ ಮಕ್ಕಳು, ಹೀಗೆ ಗುಂಪಿನ ಸ್ವರೂಪ ಬೇರೆಬೇರೆಯಾದರೂ, ಡೇರೆ ಹೂಡಿ, ಒಟ್ಟಿಗೆ ಅಡುಗೆ ಮಾಡಿ ಉಂಡು, ಬಯಲಿನಲ್ಲಿ ರಾತ್ರಿ ಕಳೆಯಬೇಕೆಂಬ ಆಸೆ ಎಲ್ಲರದೂ ಒಂದೇ. ನಾಲ್ಕು ಗೋಡೆಗಳ ನಡುವೆ ವಾರವಿಡೀ ದುಡಿಯುವವರಿಗೆ ಮಳೆ, ಮಂಜು, ಕಾಡುಗಳ ಒಡನಾಟವನ್ನೂ ಪರಸ್ಪರ ಅವಲಂಬನೆಯ ಪಾಠವನ್ನೂ ಒಟ್ಟಿಗೆ ಒದಗಿಸುವ ಈ ಹವ್ಯಾಸ ಪ್ರೋತ್ಸಾಹಕ್ಕೆ ಅರ್ಹವಾದುದೇ ಆಗಿದೆ. ಆದರೆ ಹವಾಮಾನ ಕೆಟ್ಟಾಗ ಶಿಬಿರದ ಸುರಕ್ಷತೆಯು ಡೇರೆಯ ಬೆಲೆ ಅಥವಾ ಸಲಕರಣೆಗಳ ಗುಣಮಟ್ಟಕ್ಕಿಂತ ಹೆಚ್ಚಾಗಿ, ಆ ಗುಂಪು ತನ್ನ ನಿರ್ಧಾರಗಳನ್ನು ಯಾವಾಗ ಮತ್ತು ಹೇಗೆ ತೆಗೆದುಕೊಳ್ಳುತ್ತದೆ ಎಂಬುದನ್ನು ಅವಲಂಬಿಸಿರುತ್ತದೆ. ಜನಪ್ರಿಯತೆ ಬೆಳೆದಷ್ಟು ವೇಗವಾಗಿ ಈ ತಿಳಿವಳಿಕೆ ಬೆಳೆದಿಲ್ಲವಾದ್ದರಿಂದ ವಿಷಯವನ್ನು ವಿವರವಾಗಿ ನೋಡುವುದು ಅಗತ್ಯ.

ಎರಡು ಬಗೆಯ ಮಳೆ

ಕರ್ನಾಟಕದ ಗುಡ್ಡಗಳಲ್ಲಿ ಶಿಬಿರಾರ್ಥಿಗಳಿಗೆ ಎದುರಾಗುವ ಗಾಳಿಮಳೆಯನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ರೈತರ ಲೆಕ್ಕದ ಭರಣಿ, ಕೃತ್ತಿಕಾ ಮಳೆಗಳ ಹೊತ್ತಿನಲ್ಲಿ ಬರುವ ಮುಂಗಾರುಪೂರ್ವ ಮಳೆ. ಹಗಲಿನ ಬಿಸಿಲಿಗೆ ಕಾದ ನೆಲದಿಂದ ಮೇಲೇರುವ ತೇವಭರಿತ ಗಾಳಿಯು ಹತ್ತು ಕಿಲೋಮೀಟರಿಗೂ ಮೀರಿದ ಎತ್ತರದ ಗುಡುಗು ಮೋಡಗಳಾಗಿ ಬೆಳೆದು, ಮಧ್ಯಾಹ್ನದ ನಂತರ ಅಥವಾ ಸಂಜೆ ಸಿಡಿಲು, ಆಲಿಕಲ್ಲು, ಬಿರುಗಾಳಿಗಳೊಂದಿಗೆ ಸುರಿಯುತ್ತದೆ. ಮಳೆಗೆ ತುಸು ಮುನ್ನ ತಟ್ಟನೆ ಬೀಸಿ ಸೆಕೆಯನ್ನೆಲ್ಲ ಕಳೆಯುವ ತಣ್ಣನೆಯ ಗಾಳಿ ಹಿತವೆನಿಸಿದರೂ, ಅದು ಮೋಡದೊಳಗಿನ ಮಳೆಯಿಂದ ತಂಪಾಗಿ ಭಾರವಾದ ಗಾಳಿಯು ನೆಲಕ್ಕೆ ಕುಸಿದು ಸುತ್ತಲೂ ಹರಡುತ್ತಿರುವುದರ ಲಕ್ಷಣವಾಗಿದ್ದು, ಆಶ್ರಯ ಸೇರಲು ಉಳಿದಿರುವುದು ಕೆಲವೇ ನಿಮಿಷಗಳು ಎಂಬುದನ್ನು ಸೂಚಿಸುತ್ತದೆ.

ಎರಡನೆಯದು ಜೂನ್ ಮೊದಲ ವಾರದಲ್ಲಿ ಕರಾವಳಿಗೆ ಕಾಲಿಡುವ ನೈಋತ್ಯ ಮುಂಗಾರು. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ಸಿಡಿಲಿನ ಆರ್ಭಟ ಕಡಿಮೆಯಿದ್ದರೂ ದಿನಗಟ್ಟಲೆ ಬಿಡದೆ ಹೊಯ್ಯುವ ಮಳೆ, ಬೋಳುಗುಡ್ಡಗಳ ಮೇಲೆ ನೇರವಾಗಿ ಅಪ್ಪಳಿಸುವ ಪಶ್ಚಿಮದ ಗಾಳಿ ಮತ್ತು ದಾರಿ ಕಾಣದಂತೆ ಮುಸುಕುವ ಮಂಜು ಮುಖ್ಯ ಸಮಸ್ಯೆಗಳಾಗುತ್ತವೆ. ವರ್ಷದಲ್ಲಿ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಪಡೆಯುವ ಆಗುಂಬೆಯಂತಹ ಪ್ರದೇಶದಲ್ಲಿ ನೆಲವು ನೀರನ್ನು ಹೀರಿ ಹೀರಿ ತುಂಬಿಹೋಗಿರುವುದರಿಂದ, ಹೊಸದಾಗಿ ಬಿದ್ದ ಮಳೆಯೆಲ್ಲ ನೇರವಾಗಿ ಹಳ್ಳಗಳಿಗೆ ಇಳಿಯುತ್ತದೆ.

ಭಾರತೀಯ ಹವಾಮಾನ ಇಲಾಖೆಯು 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಅದನ್ನು ಭಾರಿ ಮಳೆ ಎಂದೂ, 204.4 ಮಿಲಿಮೀಟರ್‌ವರೆಗಿನದನ್ನು ಅತಿ ಭಾರಿ ಮಳೆ ಎಂದೂ, ಅದನ್ನೂ ಮೀರಿದ್ದನ್ನು ಅತ್ಯಂತ ಭಾರಿ ಮಳೆ ಎಂದೂ ವರ್ಗೀಕರಿಸುತ್ತದೆ. ಪತ್ರಿಕೆಗಳಲ್ಲಿ ಕಾಣುವ ಯೆಲ್ಲೋ, ಆರೆಂಜ್, ರೆಡ್ ಅಲರ್ಟ್‌ಗಳು ಎಚ್ಚರದಿಂದಿರಿ, ಸಿದ್ಧರಾಗಿರಿ, ಕ್ರಮ ಕೈಗೊಳ್ಳಿ ಎಂಬ ಮೂರು ಹಂತದ ಸೂಚನೆಗಳಾಗಿದ್ದು, ಪ್ರವಾಸ ಹೊರಡುವವರ ಮಟ್ಟಿಗೆ ಆರೆಂಜ್ ಎಂದರೆ ಡೇರೆಯ ಯೋಜನೆಯನ್ನು ಕೈಬಿಟ್ಟು ಗಟ್ಟಿ ಸೂರನ್ನು ಹುಡುಕಬೇಕಾದ ಹಂತವೆಂದೂ, ರೆಡ್ ಎಂದರೆ ಮನೆಯಲ್ಲೇ ಉಳಿಯಬೇಕಾದ ಹಂತವೆಂದೂ ತಿಳಿಯುವುದು ಕ್ಷೇಮ.

ಜಾಗದ ಆಯ್ಕೆ

ರಕ್ಷಿತಾರಣ್ಯ ಮತ್ತು ವನ್ಯಜೀವಿಧಾಮಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ತಂಗುವಂತಿಲ್ಲವಾದ್ದರಿಂದ, ಇಂದು ಹೆಚ್ಚಿನ ಶಿಬಿರಗಳು ನಡೆಯುವುದು ಹೋಂಸ್ಟೇಗಳ ಅಂಗಳದಲ್ಲಿ, ಕಾಫಿ ತೋಟಗಳ ಅಂಚಿನಲ್ಲಿ ಅಥವಾ ಹಿನ್ನೀರಿನ ದಡದಲ್ಲಿ. ಇವು ಕಾಡಿಗಿಂತ ಸುರಕ್ಷಿತವೆಂದು ತೋರಿದರೂ ಪ್ರತಿಯೊಂದಕ್ಕೂ ಅದರದೇ ಅಪಾಯಗಳಿವೆ. ತೋಟಗಳಲ್ಲಿ ನೆರಳಿಗಾಗಿ ಬೆಳೆಸಿದ ಸಿಲ್ವರ್ ಓಕ್ ಮರಗಳು ಎತ್ತರವಾಗಿ ಬೆಳೆದು ಗಾಳಿಗೆ ಸುಲಭವಾಗಿ ಮುರಿಯುತ್ತವೆ. ರಸ್ತೆಗಾಗಿ ಅಥವಾ ಕಟ್ಟಡಕ್ಕಾಗಿ ಕಡಿದ ಗುಡ್ಡದ ಬುಡವು, 2018ರ ಆಗಸ್ಟ್‌ನಲ್ಲಿ ಕೊಡಗು ಕಂಡಂತೆ, ನಿರಂತರ ಮಳೆಯಲ್ಲಿ ಕುಸಿಯುವ ಸಂಭವವಿರುತ್ತದೆ. ದಡದ ಸಮತಟ್ಟಾದ ಮರಳು ಡೇರೆಗೆ ಅನುಕೂಲವೆನಿಸಿದರೂ, ಅಲ್ಲಿ ಮರಳನ್ನು ತಂದು ಹಾಸಿರುವುದು ಹಿಂದಿನ ನೆರೆಯೇ ಎಂಬುದನ್ನು ಮರೆಯುವಂತಿಲ್ಲ.

ಹಳ್ಳದ ನೀರು ಏರಲು ಶಿಬಿರವಿರುವ ಜಾಗದಲ್ಲೇ ಮಳೆ ಬರಬೇಕೆಂದಿಲ್ಲ. ಕೆಲವು ಕಿಲೋಮೀಟರ್ ಮೇಲಿನ ಗುಡ್ಡದಲ್ಲಿ ಸುರಿದ ಮಳೆಯ ನೀರು ಬಿಸಿಲಿರುವ ಕೆಳಭಾಗಕ್ಕೆ ಏಕಾಏಕಿ ನುಗ್ಗಬಲ್ಲದು. ರಭಸದಿಂದ ಹರಿಯುವ ನೀರು ಕೇವಲ 15 ಸೆಂಟಿಮೀಟರ್ ಆಳವಿದ್ದರೂ ವಯಸ್ಕರ ಕಾಲು ತಪ್ಪಿಸುವಷ್ಟು ಬಲ ಹೊಂದಿರುತ್ತದೆ. 2024ರ ಜೂನ್ 30ರ ಭಾನುವಾರ ಮಹಾರಾಷ್ಟ್ರದ ಲೋನಾವಳದ ಭುಶಿ ಅಣೆಕಟ್ಟಿನ ಬಳಿ ವಿಹಾರಕ್ಕೆ ಬಂದಿದ್ದ ಒಂದೇ ಕುಟುಂಬದ ಐವರು ನೀರಿನ ನಡುವೆ ಸಿಲುಕಿ ಕೊಚ್ಚಿಹೋದ ದುರಂತವು ಈ ವೇಗಕ್ಕೆ ನೋವಿನ ಸಾಕ್ಷಿಯಾಗಿದೆ. ತಿಳಿಯಾಗಿದ್ದ ನೀರು ಕೆಂಪಾಗುವುದು, ತರಗೆಲೆ ಮತ್ತು ಕಡ್ಡಿಗಳು ತೇಲಿ ಬರುವುದು, ಹರಿವಿನ ಸದ್ದು ಬದಲಾಗುವುದು ಮೇಲ್ಭಾಗದಲ್ಲಿ ನೆರೆ ಹೊರಟಿರುವುದರ ಗುರುತುಗಳಾಗಿದ್ದು, ಸಾಮಾನನ್ನು ಬಿಟ್ಟು ಜನರು ತಕ್ಷಣ ಎತ್ತರಕ್ಕೆ ಸರಿಯಬೇಕಾದ ಸಮಯ ಅದು.

ಗಾಳಿಯ ವಿಚಾರದಲ್ಲಿಯೂ ಒಂದು ಸರಳ ಭೌತನಿಯಮ ನೆನಪಿನಲ್ಲಿರಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಡೇರೆಯ ಮೇಲೆ ಅದು ಹೇರುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಸಂಜೆಯ ಗಾಳಿಗೆ ಗಟ್ಟಿಯಾಗಿ ನಿಂತ ಡೇರೆಯು ನಡುರಾತ್ರಿಯ ಗಾಳಿಗೂ ನಿಲ್ಲುತ್ತದೆಂದು ಭಾವಿಸುವುದು ತಪ್ಪು. ಡೇರೆಯ ಕಿರಿದಾದ ಬದಿಯನ್ನು ಗಾಳಿ ಬರುವ ದಿಕ್ಕಿಗೆ ಇರಿಸಿ, ಎಲ್ಲ ಹಗ್ಗಗಳನ್ನೂ ಬಿಗಿದು, ಗೂಟಗಳನ್ನು ಡೇರೆಯಿಂದ ಹೊರಕ್ಕೆ ವಾಲಿಸಿ ಹೊಡೆಯುವುದು ಕನಿಷ್ಠ ಕ್ರಮ.

ಸಿಡಿಲು ಮತ್ತು ಡೇರೆ

ಭಾರತದಲ್ಲಿ ಪ್ರತಿವರ್ಷ ಎರಡು ಸಾವಿರಕ್ಕೂ ಹೆಚ್ಚು ಜನರು ಸಿಡಿಲಿಗೆ ಬಲಿಯಾಗುತ್ತಿದ್ದರೂ, ಡೇರೆಯೊಳಗಿದ್ದರೆ ರಕ್ಷಣೆ ಸಿಗುತ್ತದೆಂಬ ನಂಬಿಕೆ ಶಿಬಿರಾರ್ಥಿಗಳಲ್ಲಿ ವ್ಯಾಪಕವಾಗಿದೆ. ಬಟ್ಟೆಯ ಡೇರೆ ಸಿಡಿಲಿನಿಂದ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ, ಬೋಳುಗುಡ್ಡದ ಮೇಲೆ ಎದ್ದುನಿಂತ ಡೇರೆ ಅಪಾಯವನ್ನು ಹೆಚ್ಚಿಸಲೂಬಹುದು. ಸಿಡಿಲು ನೇರವಾಗಿ ಬಡಿಯುವುದಕ್ಕಿಂತ ಹೆಚ್ಚಾಗಿ, ಹತ್ತಿರದ ಮರಕ್ಕೆ ಬಡಿದು ನೆಲದ ಮೂಲಕ ಹರಡುವ ವಿದ್ಯುತ್ತಿನಿಂದಲೇ ಜನರು ಗಾಯಗೊಳ್ಳುತ್ತಾರೆ. ದೇಹವು ನೆಲದ ದೂರದೂರದ ಎರಡು ಬಿಂದುಗಳನ್ನು ತಾಗಿದಷ್ಟೂ ಅದರ ಮೂಲಕ ಹರಿಯುವ ವಿದ್ಯುತ್ತು ಹೆಚ್ಚುವುದರಿಂದ, ಡೇರೆಯೊಳಗೆ ಸಾಲಾಗಿ ಮಲಗಿರುವ ಗುಂಪು ಅತ್ಯಂತ ಅಪಾಯದ ಸ್ಥಿತಿಯಲ್ಲಿರುತ್ತದೆ.

ಶಬ್ದವು ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕಾಗುವುದರಿಂದ, ಮಿಂಚು ಕಂಡು ಗುಡುಗು ಕೇಳಿಸುವವರೆಗೆ ಎಣಿಸಿದರೆ ಸಿಡಿಲಿನ ದೂರ ತಿಳಿಯುತ್ತದೆ. ಆ ಅಂತರ 30 ಸೆಕೆಂಡಿಗಿಂತ ಕಡಿಮೆಯಿದ್ದರೆ ಸಿಡಿಲು 10 ಕಿಲೋಮೀಟರಿನೊಳಗಿದೆ ಎಂದರ್ಥ. ಆಗ ಗುಂಪು ಕಾಂಕ್ರೀಟ್ ಕಟ್ಟಡವನ್ನೋ ಲೋಹದ ಮೈಯುಳ್ಳ ಮುಚ್ಚಿದ ಬಸ್ಸನ್ನೋ ಸೇರಿ, ಕೊನೆಯ ಗುಡುಗು ಕೇಳಿಸಿದ ಮೇಲೆ 30 ನಿಮಿಷ ಅಲ್ಲೇ ಇರಬೇಕು. ಕಟ್ಟಡ ಸಿಗದಿದ್ದರೆ ಶಿಖರ, ಒಂಟಿಮರ, ನೀರಿನ ಅಂಚುಗಳನ್ನು ಬಿಟ್ಟು ತಗ್ಗಿಗಿಳಿದು, ಒಬ್ಬರಿಂದೊಬ್ಬರು ಹತ್ತಾರು ಅಡಿ ಅಂತರ ಕಾಯ್ದುಕೊಳ್ಳಬೇಕು. ಹೀಗೆ ಚದುರುವುದರ ಉದ್ದೇಶ, ಒಂದೇ ಸಿಡಿಲಿಗೆ ಎಲ್ಲರೂ ಬೀಳದೆ, ಬಿದ್ದವರ ಎದೆಯೊತ್ತಿ ಉಸಿರಾಟ ಮರಳಿಸಲು ಕೆಲವರಾದರೂ ಉಳಿದಿರಬೇಕೆಂಬುದು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲವಾದ್ದರಿಂದ ಅವರನ್ನು ಮುಟ್ಟಲು ಹೆದರಬೇಕಾಗಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿರುವ ‘ದಾಮಿನಿ’ ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್‌ಗಳು ಮೊಬೈಲಿನಲ್ಲೇ ಮುನ್ಸೂಚನೆ ನೀಡುತ್ತವೆ. ಆದರೆ ಗುಡ್ಡಗಳಲ್ಲಿ ನೆಟ್‌ವರ್ಕ್ ಸಿಗದಿರುವುದೇ ಹೆಚ್ಚಾದ್ದರಿಂದ ಕಣ್ಣು ಕಿವಿಗಳ ಎಚ್ಚರವನ್ನು ಅವುಗಳಿಗೆ ಒಪ್ಪಿಸಿಬಿಡುವಂತಿಲ್ಲ.

ನೆನೆದ ಮೈ, ಬೀಸುವ ಗಾಳಿ

ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಸ್ಥಿತಿಯನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಇದು ಹಿಮಾಲಯದ ಕಾಯಿಲೆಯೆಂಬ ಭಾವನೆ ದಕ್ಷಿಣದವರಲ್ಲಿದೆ. ಆದರೆ ಒದ್ದೆಬಟ್ಟೆ ಮತ್ತು ಗಾಳಿ ಒಟ್ಟುಗೂಡಿದರೆ ಹತ್ತು ಹದಿನೈದು ಡಿಗ್ರಿಯ ಹವೆಯಲ್ಲೂ, ಅಂದರೆ ಕುದುರೆಮುಖ, ಮುಳ್ಳಯ್ಯನಗಿರಿಗಳ ಮಳೆಗಾಲದ ರಾತ್ರಿಯಲ್ಲೂ ಅದು ಸಂಭವಿಸಬಲ್ಲದು. ನಡುಕ ಮೊದಲ ಲಕ್ಷಣ. ಮಾತು ತೊದಲುವುದು, ಹೆಜ್ಜೆ ತಪ್ಪುವುದು, ಅರ್ಥವಿಲ್ಲದ ಹಟ ಮುಂದಿನವು. ನಡುಕ ನಿಂತರೆ ಚೇತರಿಕೆಯೆಂದು ತಿಳಿಯದೆ ಸ್ಥಿತಿ ಗಂಭೀರವಾಗಿದೆಯೆಂದು ತಿಳಿಯಬೇಕು. ಬಾಧಿತರಿಗೆ ತಮ್ಮ ಸ್ಥಿತಿಯ ಅರಿವೇ ಇರುವುದಿಲ್ಲವಾದ್ದರಿಂದ ಅದನ್ನು ಗುರುತಿಸಬೇಕಾದವರು ಜೊತೆಗಾರರು. ಹತ್ತಿಯ ಬಟ್ಟೆ ನೆನೆದರೆ ಬೇಗ ಒಣಗುವುದಿಲ್ಲವೆಂಬ ಕಾರಣಕ್ಕೆ ಉಣ್ಣೆ ಅಥವಾ ಸಿಂಥೆಟಿಕ್ ಉಡುಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ರಾತ್ರಿಗೆಂದೇ ಕಾಯ್ದಿಡಬೇಕು. ಚಳಿಗೆ ಅಂಜಿ ಕೆಂಡದ ಬಾಣಲೆಯನ್ನೋ ಒಲೆಯನ್ನೋ ಮುಚ್ಚಿದ ಡೇರೆಯೊಳಕ್ಕೆ ತರುವುದು, ವಾಸನೆಯಿಲ್ಲದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್‌ನಿಂದ ನಿದ್ದೆಯಲ್ಲೇ ಪ್ರಾಣ ತೆಗೆಯಬಲ್ಲದು.

2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ತೆರಳಿದ್ದ, ಬಹುಪಾಲು ಕರ್ನಾಟಕದವರೇ ಇದ್ದ 22 ಜನರ ತಂಡವು ನಾಲ್ಕು ಸಾವಿರ ಮೀಟರಿಗೂ ಮೇಲಿನ ಎತ್ತರದಲ್ಲಿ ಹಿಮಗಾಳಿಗೆ ಸಿಲುಕಿ, ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಉಳಿದ 13 ಜನರನ್ನು ವಾಯುಪಡೆ ಮತ್ತು ರಾಜ್ಯ ವಿಪತ್ತು ಸ್ಪಂದನ ಪಡೆಗಳು ರಕ್ಷಿಸಿದವು. ಅನುಭವಿಗಳೂ ಇದ್ದ ತಂಡಕ್ಕೆ ಒದಗಿದ ಈ ಆಪತ್ತು, ಹವಾಮಾನ ತಿರುಗಿಬಿದ್ದ ಮೇಲೆ ಮನುಷ್ಯನ ಕೈಯಲ್ಲಿ ಉಳಿಯುವ ಅವಕಾಶ ಎಷ್ಟು ಕಿರಿದು ಎಂಬುದನ್ನು ಕನ್ನಡನಾಡಿಗೆ ಮನಗಾಣಿಸಿತು.

ಗುಂಪಿನ ಮನಸ್ಸು

ಒಬ್ಬಂಟಿಯಾಗಿದ್ದರೆ ಹೆದರಿ ಹಿಂತಿರುಗುವ ವ್ಯಕ್ತಿಯೇ ಗುಂಪಿನಲ್ಲಿದ್ದಾಗ ಧೈರ್ಯದಿಂದ ಮುಂದುವರಿಯುವುದುಂಟು. ಈ ವರ್ತನೆಯ ಮೇಲೆ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಬೆಳಕು ಚೆಲ್ಲುತ್ತದೆ. ಪ್ರಶ್ನಾವಳಿ ತುಂಬುತ್ತಾ ಕುಳಿತವರ ಕೋಣೆಯೊಳಕ್ಕೆ ಹೊಗೆ ಬಿಟ್ಟಾಗ, ಒಬ್ಬರೇ ಇದ್ದವರಲ್ಲಿ ಶೇ 75ರಷ್ಟು ಮಂದಿ ಎದ್ದುಹೋಗಿ ತಿಳಿಸಿದರೆ, ಮೂವರು ಒಟ್ಟಿಗಿದ್ದ ಗುಂಪುಗಳಲ್ಲಿ ಶೇ 38ರಷ್ಟರಲ್ಲಿ ಮಾತ್ರ ಯಾರಾದರೊಬ್ಬರು ಎದ್ದರು. ಪ್ರತಿಯೊಬ್ಬರೂ ಉಳಿದವರ ಮುಖ ನೋಡಿ, ಅವರು ಶಾಂತರಾಗಿರುವುದರಿಂದ ಅಪಾಯವಿರಲಾರದೆಂದು ತೀರ್ಮಾನಿಸಿದ್ದೇ ಇದಕ್ಕೆ ಮುಖ್ಯ ಕಾರಣ.

ಕಪ್ಪುಮೋಡ ಕವಿಯುತ್ತಿರುವ ಶಿಬಿರದಲ್ಲಿಯೂ ನಡೆಯುವುದು ಇದೇ. ಮುಂಗಡ ಕೊಟ್ಟಾಗಿದೆ, ವಾಹನ ಗೊತ್ತುಮಾಡಿಯಾಗಿದೆ, ರಜೆ ಮತ್ತೆ ಸಿಗದು ಎಂಬ ಯೋಚನೆಗಳು ಜೊತೆಗೂಡಿದಾಗ, ಹಿಂತಿರುಗೋಣವೆಂದು ಮೊದಲು ಹೇಳುವವರು ಅಂಜುಬುರುಕರೆನಿಸಿಕೊಳ್ಳುವ ಭಯದಿಂದ ಸುಮ್ಮನಾಗುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ಹೊಣೆ ಹಂಚಿಹೋಗಿ, ಕೊನೆಗೆ ಯಾರ ಮೇಲೂ ಉಳಿಯುವುದಿಲ್ಲ.

ಮೊದಲೇ ಗೊತ್ತುಮಾಡಿದ ನಿಯಮ

ಈ ದೌರ್ಬಲ್ಯಕ್ಕೆ ಇರುವ ಪರಿಹಾರವೆಂದರೆ, ಕಷ್ಟದ ನಿರ್ಧಾರಗಳನ್ನು ಮನಸ್ಸು ಶಾಂತವಾಗಿರುವ ಹೊತ್ತಿನಲ್ಲಿ, ಊರು ಬಿಡುವ ಮುನ್ನವೇ ಗೊತ್ತುಮಾಡಿಕೊಳ್ಳುವುದು. ಇಂತಿಷ್ಟು ಗಂಟೆಯೊಳಗೆ ಶಿಖರ ಮುಟ್ಟದಿದ್ದರೆ ಎಲ್ಲಿದ್ದರೂ ಇಳಿಯುವುದು, ಹಳ್ಳದ ನೀರು ಗುರುತಿಟ್ಟ ಬಂಡೆಗೆ ಬಂದರೆ ಡೇರೆ ಖಾಲಿ ಮಾಡುವುದು, ರೆಡ್ ಅಲರ್ಟ್ ಬಂದರೆ ಹೊರಡದಿರುವುದು ಎಂಬಂತೆ, ಕಣ್ಣಿಗೆ ಕಾಣುವ ಗುರುತಿಗೆ ಕಟ್ಟಿದ ನಿಯಮಗಳು ಚರ್ಚೆಗೆ ಎಡೆಗೊಡುವುದಿಲ್ಲ. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ನಡೆಸಿದ ಮೊದಲ ಸ್ಕೌಟ್ ಶಿಬಿರದಲ್ಲೇ ಹುಡುಗರನ್ನು ನಾಲ್ಕು ಚಿಕ್ಕ ದಳಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಅವರಲ್ಲೊಬ್ಬನನ್ನು ನಾಯಕನನ್ನಾಗಿ ಮಾಡಲಾಗಿತ್ತು. ದೊಡ್ಡ ಗುಂಪನ್ನು ಹೀಗೆ ಒಡೆದು, ಇಬ್ಬಿಬ್ಬರ ಜೋಡಿ ಮಾಡಿ, ಗಂಟೆಗೊಮ್ಮೆ ತಲೆ ಎಣಿಸುವ ಪದ್ಧತಿ ಇಂದಿಗೂ ಉಪಯುಕ್ತ. ಗುಂಪಿನ ಯಾವ ಸದಸ್ಯರೇ ಆಗಲಿ ಕಾರಣ ಕೊಡದೆ ಹಿಂತಿರುಗುವಿಕೆಯನ್ನು ಕೋರಬಹುದೆಂಬ ನಿಯಮವನ್ನೂ ಇದಕ್ಕೆ ಸೇರಿಸಿದರೆ, ಅತ್ಯಂತ ಸಂಕೋಚದವರ ಕಣ್ಣಿಗೆ ಬಿದ್ದ ಅಪಾಯವೂ ಎಲ್ಲರ ಗಮನಕ್ಕೆ ಬರುತ್ತದೆ.

2023ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಸೆಮಾಂಗುಮ್‌ನಲ್ಲಿ ನಡೆದ ವಿಶ್ವ ಸ್ಕೌಟ್ ಜಾಂಬೂರಿಯು ಬಿಸಿಲಿನ ತಾಪ ಮತ್ತು ವ್ಯವಸ್ಥೆಯ ಕೊರತೆಗಳಿಂದ ತೀವ್ರ ಟೀಕೆಗೆ ಗುರಿಯಾಗಿತ್ತು. ಆದರೂ ಖಾನುನ್ ಚಂಡಮಾರುತವು ಆಗಸ್ಟ್ 10ರಂದು ಭೂಸ್ಪರ್ಶ ಮಾಡುವ ಎರಡು ದಿನ ಮುನ್ನವೇ, ಸಾವಿರಕ್ಕೂ ಹೆಚ್ಚು ಬಸ್ಸುಗಳಲ್ಲಿ ಹತ್ತಾರು ಸಾವಿರ ಶಿಬಿರಾರ್ಥಿಗಳನ್ನು ಅಲ್ಲಿಂದ ಸ್ಥಳಾಂತರಿಸಲಾಯಿತು. ಅಷ್ಟು ದೊಡ್ಡ ಶಿಬಿರವನ್ನೇ ಗಾಳಿ ಬರುವ ಮುನ್ನ ತೆರವುಗೊಳಿಸಬಹುದಾದರೆ, ಇಪ್ಪತ್ತು ಜನರ ವಾರಾಂತ್ಯದ ಗುಂಪು ಸಮಯಕ್ಕೆ ಸರಿಯಾಗಿ ಹಿಂತಿರುಗುವುದು ಅಸಾಧ್ಯವೇನಲ್ಲ.

ಹಾಗಾಗಬೇಕಾದರೆ ಹಿಂತಿರುಗುವಿಕೆಗೆ ಅಂಟಿರುವ ನಷ್ಟ ಮತ್ತು ನಾಚಿಕೆ ಎರಡೂ ಕಡಿಮೆಯಾಗಬೇಕು. ಹವಾಮಾನದ ಕಾರಣಕ್ಕೆ ರದ್ದಾದ ಶಿಬಿರದ ಹಣವನ್ನು ಮರಳಿಸುವ ಅಥವಾ ಬೇರೊಂದು ದಿನಕ್ಕೆ ವರ್ಗಾಯಿಸುವ ಕರಾರನ್ನು ಸಂಘಟಕರು ಮೊದಲೇ ಲಿಖಿತವಾಗಿ ನೀಡಬೇಕು. ಹಣ ಕಟ್ಟುವ ಮುನ್ನ ಪ್ರತಿಯೊಬ್ಬರೂ, ಮಕ್ಕಳನ್ನು ಕಳುಹಿಸುವ ತಂದೆತಾಯಿಗಳಂತೂ ತಪ್ಪದೆ, ಮೂರು ಪ್ರಶ್ನೆಗಳನ್ನು ಕೇಳಬೇಕು: ಮಳೆ ಜೋರಾದರೆ ಸೇರಿಕೊಳ್ಳುವ ಗಟ್ಟಿ ಕಟ್ಟಡ ಎಲ್ಲಿದೆ, ಹತ್ತಿರದ ಆಸ್ಪತ್ರೆಗೆ ಹಳ್ಳ ದಾಟದೆ ಹೋಗುವ ದಾರಿ ಯಾವುದು, ಹಿಂತಿರುಗುವ ನಿರ್ಧಾರ ಯಾರದು. ಈ ಮೂರಕ್ಕೂ ಸ್ಪಷ್ಟ ಉತ್ತರವಿರುವ ಸಂಘಟಕರೊಡನೆ ಮಳೆಗಾಲದ ಶಿಬಿರಕ್ಕೆ ಧೈರ್ಯವಾಗಿ ಹೋಗಬಹುದು. ಉತ್ತರವಿಲ್ಲದವರೊಡನೆ ಬೇಸಿಗೆಯಲ್ಲಿಯೂ ಹೋಗಬಾರದು.